ಹಗ್ಗದಾಚೆ ನಿಂತ ಸಾರ್ಜೆಂಟ್

ಲಾರ್ನ್ ಟೀಪಲ್ ಕೋವಿ ನೋಡುವುದನ್ನು ನೋಡಿದರೆ ಕೊಳ್ಳಲು ಬಂದವನಿಗೆ ಅಳು ಬರುತ್ತಿತ್ತು, ಮಾರಲು ಬಂದವನಿಗೆ ಮೈ ಉರಿಯುತ್ತಿತ್ತು. ನಯಾಗರ ಸೀಮೆಯಲ್ಲಿ ಬೇಸಗೆ ಬಂತೆಂದರೆ ಹಳೆಯ ಕೋಟೆಯ ಬಯಲಿನಲ್ಲಿ 1812ರ ಯುದ್ಧವನ್ನು ಮತ್ತೆ ಆಡಿ ತೋರಿಸುವ ಹುಚ್ಚರೆಲ್ಲ ಕೆಂಪು ಕೋಟು ತೊಟ್ಟು ನೆರೆಯುತ್ತಾರೆ. ಅವರ ಹಿಂದೆಯೇ ವ್ಯಾಪಾರಿಗಳೂ ಡೇರೆ ಹಾಕುತ್ತಾರೆ. ಆ ಡೇರೆಗಳ ಸಾಲಿಗೆ ಟೀಪಲ್ ಕಾಲಿಟ್ಟನೆಂದು ಸುದ್ದಿ ಬಂದರೆ ಸಾಕು, ಕೆಲವರು ಒಂದೆರಡು ಕೋವಿಗಳನ್ನು ಮೆಲ್ಲಗೆ ಕಂಬಳಿಯಡಿ ಸರಿಸಿಬಿಡುತ್ತಿದ್ದರು. ಬೆನ್ನ ಹಿಂದೆ ಅವನಿಗೆ ‘ಬೇಡಪ್ಪ’ ಎಂದು ಹೆಸರಿಟ್ಟಿದ್ದರು. ಎದುರಿಗೇ ಅಂದರೂ ಅವನು ಕೇರ್ ಮಾಡುತ್ತಿರಲಿಲ್ಲ.

ಕೋವಿಗಳೂ ಹಾಗೇ ಇದ್ದವೆನ್ನಿ. ನೋಡಲು ಇನ್ನೂರು ವರ್ಷದ ಹಿಂದಿನವು, ಮಾಡಿದ್ದು ಮೊನ್ನೆ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವಂಥವು. ಎಷ್ಟೋ ಕೋವಿಗಳು ಇಂಡಿಯಾದಿಂದ ಅಲಂಕಾರದ ಸಾಮಾನೆಂದು ಹಡಗು ಹತ್ತಿ ಬರುತ್ತವೆ. ಬುಡದಲ್ಲಿ ಕಿಡಿ ಒಳಹೋಗುವ ತೂತೇ ಇರುವುದಿಲ್ಲ. ಆ ತೂತಿಗೆ ಕಿವಿ ಎನ್ನುತ್ತಾರೆ. ಇಲ್ಲಿಗೆ ಬಂದ ಮೇಲೆ ಯಾರೋ ಅದಕ್ಕೆ ಕಿವಿ ಚುಚ್ಚಬೇಕು. ಯಾರು ಚುಚ್ಚಿದರು, ಸರಿಯಾದ ಕಡೆ ಚುಚ್ಚಿದರೋ ಇಲ್ಲವೋ, ಬಿಯರ್ ಕುಡಿಯುವ ಮೊದಲು ಚುಚ್ಚಿದರೋ ಆಮೇಲೋ, ಅದನ್ನೆಲ್ಲ ಕೋವಿ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ಮರದ ಹೊಳಪು ನೋಡಿ ಮರುಳಾಗುತ್ತಾನೆ, ಹಿತ್ತಾಳೆಯಲ್ಲಿ ಮುಖ ನೋಡಿಕೊಂಡು ಮನೆಗೆ ಹೊತ್ತೊಯ್ಯುತ್ತಾನೆ.

ಕೊರೀನ್ ಜಾವಿಟ್ಜ್ ಹಾಗೇ ಮರುಳಾಗಿದ್ದಳು. ಹೂವಿನ ಗಾಜುಮನೆಯಲ್ಲಿ ಕೆಲಸ ಮಾಡುವ ಹುಡುಗಿ, ಲಾರ್ನ್ ಸಾರ್ಜೆಂಟ್ ಆಗಿದ್ದ ಕೆಂಪು ಕೋಟಿನ ತುಕಡಿಗೆ ಆಗಷ್ಟೇ ಸೇರಿದ್ದಳು. ಡೇರೆಯೊಂದರಲ್ಲಿ ಕೋವಿಯನ್ನು ಎದೆಗಪ್ಪಿಕೊಂಡು ನಿಂತಿದ್ದಳು.

"ಎಷ್ಟ್ ಚೆನ್ನಾಗಿದೆ ಅಲ್ವಾ ಸಾರ್ಜೆಂಟ್?"

"ಮದುವೆ ಆಗ್ತೀಯಾ ಇದನ್ನ?" ಎಂದ ಲಾರ್ನ್. "ಚೆಂದ ಆಮೇಲೆ ನೋಡೋಣ, ಕೊಡಿಲ್ಲಿ."

ಮೊದಲು ಕಬ್ಬಿಣದ ಗಜವನ್ನು ನಳಿಗೆಯೊಳಗೆ ಬಿಟ್ಟ. ಅದು ಟಣ್ ಎಂದಿತು. "ಇದು ಮೊದಲು. ಅಂಗಡಿಯವನು ಖಾಲಿ ಅಂದ ಅಂತ ಖಾಲಿ ಆಗಲ್ಲ. ಗಜ ಟಣ್ ಅಂದ್ರೆ ಖಾಲಿ." ಆಮೇಲೆ ಕುದುರೆಯನ್ನು, ಅಂದರೆ ಚಕಮಕಿ ಕಲ್ಲು ಕಚ್ಚಿಕೊಂಡು ಬಡಿಯುವ ಸುತ್ತಿಗೆಯನ್ನು, ಅರ್ಧಕ್ಕೆ ಎಳೆದು ನಿಲ್ಲಿಸಿದ. ಕುದುರೆಯನ್ನೇ ಹಿಡಿದು ಇಡೀ ಕೋವಿಯನ್ನು ಮೇಲಕ್ಕೆತ್ತಿ, ಬೆಕ್ಕಿನ ಮರಿಯ ಕುತ್ತಿಗೆ ಹಿಡಿದ ಹಾಗೆ ತೂಗಾಡಿಸಿ, ಇನ್ನೊಂದು ಕೈಯ ಬೆರಳಿನಿಂದ ಟ್ರಿಗರ್ ಅದುಮಿದ. ಕುದುರೆ ಕಟಕ್ಕನೆ ಬಿತ್ತು.

"ನೋಡಿದ್ಯಾ? ಅರ್ಧಕ್ಕೆ ನಿಂತ ಕುದುರೆ ಏನ್ ಮಾಡಿದ್ರೂ ಬೀಳಬಾರದು. ನೀನು ಕಿವಿ ಪಕ್ಕದ ಬಟ್ಟಲಿಗೆ ಕಿಡಿ ಹಿಡಿಯೋ ರಂಜಕದ ಪುಡಿ ಹಾಕ್ತಿರೋವಾಗ ಬಿತ್ತು ಅಂದ್ರೆ, ಮುಂದಿರೋನ ಬೆನ್ನು ಹೋಯ್ತು."

"ಟೀಪಲ್, ನೀನೊಬ್ಬ ಇದ್ರೆ ಸಾಕಪ್ಪ," ಎಂದ ವ್ಯಾಪಾರಿ. "ನನ್ನ ವ್ಯಾಪಾರಕ್ಕೆ ಬೇರೆ ಶನಿ ಬೇಕಾಗಿಲ್ಲ."

"ಬೇಡ," ಎಂದ ಲಾರ್ನ್, ವ್ಯಾಪಾರಿಗಲ್ಲ, ಕೊರೀನ್‌ಗೆ.

ಅವಳು ಮುಖ ಊದಿಸಿಕೊಂಡು ಎರಡು ಬೇಸಗೆ ಎರವಲು ಕೋವಿಯಲ್ಲೇ ಕಳೆದಳು. ಕೊನೆಗೊಮ್ಮೆ ಲಾರ್ನ್ ಒಂದಕ್ಕೆ ತಲೆಯಾಡಿಸಿದ. ಅದರ ಕುದುರೆ ಕೂತ ಯಂತ್ರ ಬಿಚ್ಚಿ ನೋಡಿದ್ದ, ನಳಿಗೆಯೊಳಗೆ ದೀಪ ಇಳಿಸಿ ನೋಡಿದ್ದ, ನಳಿಗೆಯ ಬುಡ ಮುಚ್ಚುವ ತಿರುಪಿಗೆ ತಾಗದ ಹಾಗೆ ಕಿವಿ ಮುಂದಿದೆಯೋ ಎಂದು ಸಣ್ಣ ತಂತಿ ಹಾಕಿ ನೋಡಿದ್ದ. ಆಮೇಲೆ ತಾನೇ ಕೂತು ಬಟ್ಟಲಿನ ಪಕ್ಕಕ್ಕೆ ಕಿಡಿ ತಡೆಯುವ ಹಿತ್ತಾಳೆಯ ಮರೆಯೊಂದನ್ನು ಕೂರಿಸಿಕೊಟ್ಟ. ಆ ಕಾಲದಲ್ಲಿ ಇಂಥ ಮರೆ ಇರಲಿಲ್ಲ ಎಂದು ಕೊರೀನ್ ಮೂಗು ಮುರಿದಳು. "ಆ ಕಾಲದಲ್ಲಿ ಕಣ್ಣು ಹೋದ್ರೆ ಯಾರೂ ಕೇಳ್ತಿರಲಿಲ್ಲ," ಎಂದ ಅವನು. "ಇದು ನಿನಗಲ್ಲ ತಾಯಿ, ನಿನ್ನ ಬಲಕ್ಕೆ ನಿಲ್ಲೋನಿಗೆ."

ಇವನು ಹುಟ್ಟಾ ಇಂಥವನೇ. ಶಾಲೆಯ ಹಳದಿ ಬಸ್ಸು ಓಡಿಸಿ ಬದುಕಿದವನು. ಬೆಳಿಗ್ಗೆ ಬಸ್ಸಿನ ಸುತ್ತ ಒಂದು ಸುತ್ತು, ಚಕ್ರಕ್ಕೊಂದು ಒದೆತ. ಸಂಜೆ ಮಕ್ಕಳೆಲ್ಲ ಇಳಿದ ಮೇಲೆ ಹಿಂದಿನ ಸೀಟಿನವರೆಗೆ ನಡೆದು, ಯಾವುದಾದರೂ ಕೂಸು ನಿದ್ದೆಹೋಗಿ ಉಳಿದಿದೆಯೋ ಎಂದು ಬಗ್ಗಿ ನೋಡುವುದು. ಒಂದು ದಿನವೂ ಯಾವ ಕೂಸೂ ಉಳಿದಿರಲಿಲ್ಲ. ಒಂದು ದಿನವೂ ಬಗ್ಗುವುದನ್ನು ಬಿಟ್ಟವನಲ್ಲ. ನಿವೃತ್ತನಾದ ದಿನ ಬಸ್ಸಿನವರು ಕೇಕ್ ಕತ್ತರಿಸಿ, ಇಷ್ಟು ವರ್ಷ ಏನೂ ಆಗಲಿಲ್ಲವೆಂದು ಮರದ ಫಲಕ ಕೊಟ್ಟರು. ಏನೂ ಆಗದ್ದಕ್ಕೆ ಬಹುಮಾನ ಕೊಡುವ ಜಾಗ ಈ ಲೋಕದಲ್ಲಿ ಅದೊಂದೇ ಎಂಬುದು ಅವನಿಗೆ ಗೊತ್ತಾದದ್ದು ತಡವಾಗಿ.

ಮಕ್ಕಳಿರಲಿಲ್ಲ. ಹೆಂಡತಿ ವರ್ನಾ ತುಕಡಿಯ ಕೆಂಪು ಕೋಟುಗಳನ್ನೆಲ್ಲ ಹೊಲಿದವಳು. ಗುಂಡಿಯ ಕಾಜಾಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಯಂತ್ರದಲ್ಲಿ ಹೊಲಿದರೆ ದೂರದಿಂದ ಯಾರಿಗೆ ಕಾಣುತ್ತದೆ ಎಂದರೆ, "ನಂಗೆ ಕಾಣತ್ತೆ" ಎನ್ನುತ್ತಿದ್ದಳು. ಗಂಡಹೆಂಡಿರ ಜೋಡಿ ಹಾಗಿತ್ತು. ಅವಳು ತೀರಿಕೊಂಡಾಗ ತುಕಡಿಯವರು ಗೋರಿಯ ಬಳಿ ಕೋವಿ ಹಾರಿಸಿ ಗೌರವ ಕೊಡಲು ಬಂದರು. ಹೆಂಡತಿಯ ಶವಪೆಟ್ಟಿಗೆ ಒಳಗಿರುವಾಗ ಲಾರ್ನ್ ಸ್ಮಶಾನದ ಗೇಟಿನಲ್ಲಿ ನಿಂತು, ಕರಿಕೋಟಿನ ತೋಳು ಮಡಚಿ, ಒಂದೊಂದೇ ಕೋವಿಯ ಕುದುರೆ ಹಿಡಿದೆತ್ತಿ ನೋಡಿದ. ಡೆಸ್ಮಂಡ್ ಹಾನ್ ಎಂಬವನ ಕೋವಿಯನ್ನು ಹಿಂದಕ್ಕೆ ಕೊಟ್ಟ. ಅದರ ಕುದುರೆ ನಿಲ್ಲಲಿಲ್ಲ. ಡೆಸ್ಮಂಡ್ ಎಲ್ಲರೆದುರು ಬರಿಗೈಯಲ್ಲಿ ಗೋರಿಯ ಪಕ್ಕ ನಿಂತ. ಆ ಬರಿಗೈಯನ್ನು ಅವನು ಮರೆಯಲಿಲ್ಲ.

ತುಕಡಿಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟುಪಾಡಿತ್ತು. ಕೋವಿಯ ವಿಷಯದಲ್ಲಿ ಸಾರ್ಜೆಂಟ್ ಬೇಡ ಎಂದರೆ ಬೇಡ. ಕಾರಣ ಕೇಳುವಂತಿಲ್ಲ, ಕ್ಯಾಪ್ಟನ್ ಕೂಡ. ವರ್ನಾ ಹೋದ ಮೇಲೆ ಲಾರ್ನ್‌ಗೆ ಭೂಮಿಯ ಮೇಲೆ ಉಳಿದದ್ದು ಈ ಒಂದು ಪದದ ಅಧಿಕಾರ ಮತ್ತು ಅದನ್ನು ಒಪ್ಪುವ ಹತ್ತು ಹನ್ನೆರಡು ಜನ. ಚಳಿಗಾಲವಿಡೀ ಅವನು ಯಾರೊಂದಿಗೂ ಮಾತಿಲ್ಲದೆ ಇರುತ್ತಿದ್ದ. ಏಪ್ರಿಲ್‌ನಲ್ಲಿ ಕೋವಿಗಳ ತಪಾಸಣೆ ಬಂದಾಗ ಬದುಕಿ ಬಂದವನಂತೆ ಗಡ್ಡ ಹೆರೆದುಕೊಂಡು ಹೊರಡುತ್ತಿದ್ದ.

ಆದರೆ ಜನ ಕಡಿಮೆಯಾಗುತ್ತಿದ್ದರು. ಬಯಲಿನಲ್ಲಿ ಸ್ವಂತ ಬಾವುಟದ ಕೆಳಗೆ ನಿಲ್ಲಬೇಕಾದರೆ ಹನ್ನೆರಡು ಕೋವಿ ಬೇಕು. ಅದಕ್ಕಿಂತ ಕಡಿಮೆಯಾದರೆ ಬೇರೆ ತುಕಡಿಯ ಬಾಲಕ್ಕೆ ಸೇರಿಸುತ್ತಾರೆ. ಹಾಗೆ ಒಂದು ವರ್ಷ ಇವರನ್ನು ಪಕ್ಕದ ಕೌಂಟಿಯವರ ಎಡತುದಿಗೆ ನಿಲ್ಲಿಸಿದರು. ಗುಂಡಿಗಳೇ ತಪ್ಪಿರುವ ಕೋಟಿನ ಜನ ಇವರಿಗೆ ಹುಕುಂ ಕೊಟ್ಟರು. ಬಾವುಟ ಡೆಸ್ಮಂಡನ ವ್ಯಾನಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಅವಮಾನ ಅಂದರೆ ಅವಮಾನ. ಇದನ್ನೆಲ್ಲ ಆಟ ಎನ್ನುವವರು ಆ ಸಂಜೆ ಅವರ ಮುಖ ನೋಡಬೇಕಿತ್ತು.

ಡೆಸ್ಮಂಡ್ ಮನೆಗಳಿಗೆ ಕಿಟಕಿ ಮಾರುವವನು. ಮಾತಿನಲ್ಲಿ ಗೋಡೆಗೂ ಕಿಟಕಿ ಮಾರಬಲ್ಲ. ಆ ವರ್ಷವೇ ಕ್ಯಾಪ್ಟನ್ ಆದ. ತನ್ನ ಹಾಕಿ ಗೆಳೆಯರಲ್ಲಿ ಆರು ಮಂದಿಯನ್ನು ಒಪ್ಪಿಸಿ ಕರೆತಂದ. ಕಿಂಗ್‌ಸ್ಟನ್ ಕಡೆ ಮುಚ್ಚಿಹೋದ ತುಕಡಿಯೊಂದರಿಂದ ಆರು ಕೋವಿಗಳನ್ನೂ ತಂದ. ಮುಂದಿನ ಏಪ್ರಿಲ್‌ನಲ್ಲಿ ಅವನ ಗೋದಾಮಿನಲ್ಲಿ, ಗಾಜುಗಳ ಮಧ್ಯೆ, ಮೇಜಿನ ಮೇಲೆ ಅವು ಸಾಲಾಗಿ ಮಲಗಿದ್ದವು. ಲಾರ್ನ್ ಎರಡು ಗಂಟೆ ಒಂದೊಂದನ್ನೇ ಎತ್ತಿ ನೋಡಿದ. ಕುದುರೆಗಳೆಲ್ಲ ನಿಂತವು. ಕಿಡಿಯೂ ಚೆನ್ನಾಗಿ ಬಂತು. ಡೆಸ್ಮಂಡ್ ಆಗಲೇ ಬಿಯರ್ ಬಾಟಲಿಗಳನ್ನು ತೆರೆಯತೊಡಗಿದ್ದ.

"ಕಿವಿ ಯಾರು ಚುಚ್ಚಿದ್ದು?" ಎಂದ ಲಾರ್ನ್.

"ಯಾರೋ ಚುಚ್ಚಿದಾರೆ ಮಾರಾಯ. ತೂತು ತೂತೇ ಅಲ್ವಾ."

"ನಳಿಗೆ ಮೇಲೆ ಪರೀಕ್ಷೆ ಮುದ್ರೆ ಇಲ್ಲ. ಒಂದರ ಮೇಲೂ ಇಲ್ಲ. ಈ ನಳಿಗೆ ಎಷ್ಟು ತಡೀತದೆ ಅಂತ ನಿಂಗ್ ಗೊತ್ತಾ?"

"ನಾವೇನ್ ಗುಂಡು ಹಾಕ್ತೀವಾ? ಬರೀ ಮದ್ದು, ಒಂದು ಚಮಚ. ಸದ್ದು, ಹೊಗೆ, ಚಪ್ಪಾಳೆ, ಮನೆ."

"ಒಂದು ಚಮಚ ಅಂತ ನೀನಂತೀಯ. ಹೊಸಬ ನಿಂತಿರ್ತಾನೆ, ಸುತ್ತ ಗದ್ದಲ. ತನ್ನದು ಹಾರಲಿಲ್ಲ ಅಂತ ಅವನಿಗೆ ಗೊತ್ತೇ ಆಗಲ್ಲ. ಅದರ ಮೇಲೆ ಇನ್ನೊಂದು ಸುರೀತಾನೆ. ಆಗ?" ಲಾರ್ನ್ ಕೈ ಒರೆಸಿಕೊಂಡ. "ಜಲ್ಲಿ ಕ್ವಾರಿಗೆ ಹೋಗೋಣ. ಹಳೇ ಟೈರಿಗೆ ಕಟ್ಟಿ, ಎರಡರಷ್ಟು ಮದ್ದು ಹಾಕಿ, ದೂರದಿಂದ ದಾರ ಎಳೆಯೋಣ. ತಡೆದ್ರೆ ನಾನೇ ಹೆಗಲ ಮೇಲೆ ಹೊತ್ಕೊಂಡು ಬರ್ತೀನಿ."

"ಒಡೆದ್ರೆ? ನನ್ನ ಕೋವಿ ಹೋಯ್ತಲ್ಲಯ್ಯ."

"ಒಡೆದ್ರೆ ಅದು ಕೋವಿಯೇ ಅಲ್ಲ."

"ಹಾಗಾದ್ರೆ ಏನಂತೀಯ ಈಗ?"

ಲಾರ್ನ್ ಅದೇ ಪದ ಹೇಳಿದ. ಹಾಕಿಯವರಲ್ಲೊಬ್ಬ, "ಈ ತಾತನಿಗೆ ಮನೇಲಿ ಬೇರೆ ಕೆಲಸ ಇಲ್ವಾ?" ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂಬುದು ಅಲ್ಲಿದ್ದ ಹಳಬರಿಗೆಲ್ಲ ಗೊತ್ತಿತ್ತು.

ಆ ಬೇಸಗೆಯೂ ಹನ್ನೆರಡು ತುಂಬಲಿಲ್ಲ. ಆ ಬೇಸಗೆಯೂ ಬಾವುಟ ವ್ಯಾನಿನಲ್ಲೇ ಉಳಿಯಿತು. ಹಾಕಿಯವರು ಆರೂ ಜನ ಕೆಂಪು ಕೋಟಿನಲ್ಲಿ ನೀರಿನ ಬಕೆಟ್ ಹೊತ್ತರು. ಲಾರ್ನ್‌ನ ಜೊತೆ ಊಟಕ್ಕೆ ಕೂರುವವರು ಕಡಿಮೆಯಾದರು. ಅವನು ತಟ್ಟೆ ಹಿಡಿದು ಬಂದರೆ ಬೆಂಕಿಯ ಸುತ್ತ ಮಾತು ನಿಲ್ಲುತ್ತಿತ್ತು. ಅವನು ತಪ್ಪು ಎಂದು ಯಾರೂ ಹೇಳಲಿಲ್ಲ. ಅವನು ಸರಿ ಎಂದೇ ಅವರಿಗೆ ಇನ್ನಷ್ಟು ಸಿಟ್ಟು ಬಂದಿತ್ತೆಂದು ನನ್ನೆಣಿಕೆ.

ಫೆಬ್ರವರಿಯಲ್ಲಿ ವಾರ್ಷಿಕ ಸಭೆ. ಮಾಜಿ ಸೈನಿಕರ ಸಭಾಂಗಣದಲ್ಲಿ ಮಾಂಸ ಹಾಕಿದ ಖಾರದ ಬೀನ್ಸ್ ಸಾರು, ಬ್ರೆಡ್ಡು, ಬಿಯರ್. ಡೆಸ್ಮಂಡ್ ಎದ್ದು ನಿಂತು ಲಾರ್ನ್‌ನನ್ನು ಬಾಯ್ತುಂಬ ಹೊಗಳಿದ. ಹೊಗಳಿಕೆ ಉದ್ದವಾದಷ್ಟೂ ಲಾರ್ನ್ ಬ್ರೆಡ್ಡನ್ನು ಮುರಿದು ಮುರಿದು ಪುಡಿ ಮಾಡುತ್ತ ಹೋದ. ಬಸ್ಸಿನ ಕೆಲಸದಿಂದ ಇಳಿಸುವ ಮೊದಲೂ ಹೀಗೇ ಹೊಗಳಿದ್ದರು. ಕೊನೆಗೆ ವಿಷಯ ಬಂತು. ಇನ್ನು ಮುಂದೆ ಕೋವಿಯ ವಿಷಯದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದು. ಒಪ್ಪುವವರು ಕೈಯೆತ್ತಿ.

ಕೈಗಳು ಎದ್ದವು. ವರ್ನಾ ಹೊಲಿದ ಕೋಟು ತೊಟ್ಟು ಹತ್ತಾರು ವರ್ಷ ಇವನ ಪಕ್ಕ ನಿಂತವರ ಕೈಗಳು. ಲಾರ್ನ್ ಕೊರೀನ್‌ಳನ್ನು ನೋಡಿದ. ಅವಳು ಸಾರಿನ ಬಟ್ಟಲನ್ನು ನೋಡುತ್ತ ಕೈಯೆತ್ತಿದ್ದಳು.

"ನೀನೂನಾ?" ಎಂದ.

"ಬಾವುಟ ಬೇಕಲ್ಲ ಲಾರ್ನ್," ಎಂದಳು. "ಹೀಗೇ ಆದ್ರೆ ತುಕಡಿನೇ ಇರಲ್ಲ."

ಅವನು ಸಾರ್ಜೆಂಟನ ನಡುಪಟ್ಟಿಯನ್ನು ಮಡಚಿ ಬ್ರೆಡ್ಡಿನ ಬುಟ್ಟಿಯ ಪಕ್ಕ ಇಟ್ಟು ಹೊರಟ. ಇರು, ಹೆಸರಿಗೆ ನೀನೇ ಸಾರ್ಜೆಂಟ್ ಎಂದು ಡೆಸ್ಮಂಡ್ ಕೂಗಿದ. ಹೆಸರಿಗೆ ಇರುವ ಸಾರ್ಜೆಂಟ್ ಯಾವ ಸೀಮೆಯ ಸಾರ್ಜೆಂಟ್. ಲಾರ್ನ್ ತಿರುಗಲಿಲ್ಲ.

ಜೂನ್ ಬಂತು. ಹೋಗಬಾರದೆಂದು ಹತ್ತು ಸಲ ಅಂದುಕೊಂಡವನು ಹನ್ನೊಂದನೆಯ ಸಲ ಕಾರು ಹತ್ತಿದ. ಜೀವನದಲ್ಲಿ ಮೊದಲ ಬಾರಿ ಟಿಕೆಟ್ ಕೊಂಡು ಆ ಬಯಲಿಗೆ ಬಂದ. ನೋಡುಗರನ್ನು ತಡೆಯಲು ಕಟ್ಟಿದ ಹಗ್ಗದ ಹಿಂದೆ, ಹುರಿದ ಆಲೂಗಡ್ಡೆ ತಿನ್ನುತ್ತಿದ್ದ ಸಂಸಾರವೊಂದರ ಪಕ್ಕ ನಿಂತ. ಅಂಗಿ ಪ್ಯಾಂಟಿನಲ್ಲಿದ್ದ ಅವನನ್ನು ಯಾರೂ ಗುರುತಿಸಿದಂತೆ ಕಾಣಲಿಲ್ಲ. ಎದುರಿಗೆ ಅವನ ತುಕಡಿ ಹೊರಬಂತು. ಬಾವುಟ ಹಾರುತ್ತಿತ್ತು. ಆರು ಹೊಸ ಕೋವಿಗಳು ಯಾವುವೆಂದು ದೂರದಿಂದಲೇ ಗೊತ್ತಾಯಿತು. ಅವುಗಳಲ್ಲೊಂದನ್ನು ಹಿಡಿದ ದಪ್ಪ ಮನುಷ್ಯನ ಬಲಕ್ಕೆ, ಭುಜಕ್ಕೆ ಭುಜ ತಾಗಿಸಿ, ಕೊರೀನ್ ನಿಂತಿದ್ದಳು.

ಸಿದ್ಧ ಎಂದರು, ಗುರಿ ಎಂದರು, ಹಾರಿಸಿ ಎಂದರು. ಲಾರ್ನ್‌ನ ಭುಜ ಕಿವಿಯವರೆಗೆ ಏರಿತು. ಹೊಗೆ ಕರಗಿತು. ಎಲ್ಲರೂ ನೆಟ್ಟಗೆ ನಿಂತಿದ್ದರು. ಅವನ ಎದೆಯಿಂದ ಉಸಿರು ಹೊರಬಿತ್ತು. ಸಮಾಧಾನದ ಉಸಿರು ಎಂದು ತನಗೆ ತಾನೇ ಹೇಳಿಕೊಂಡ. ಎರಡನೆಯ ಸಲವೂ ಏನೂ ಆಗಲಿಲ್ಲ. ಆಗ ಬಾಯಲ್ಲಿ ಕಹಿ ಏರಿತು. ಸಮಾಧಾನಕ್ಕೆ ಆ ರುಚಿ ಇರುವುದಿಲ್ಲವೆಂದು ಗೊತ್ತಾಗುವಷ್ಟು ವಯಸ್ಸು ಅವನಿಗಾಗಿತ್ತು.

ಮೂರನೆಯ ಸಲ ದಪ್ಪ ಮನುಷ್ಯನ ಕೋವಿ ಹಾರಲಿಲ್ಲ. ಬಟ್ಟಲಿನಲ್ಲಿ ಪುಸ್ಸೆಂದು ಹೊಗೆ ಎದ್ದಿತು, ನಳಿಗೆಯ ಬಾಯಲ್ಲಿ ಬೆಂಕಿಯಿಲ್ಲ. ಗದ್ದಲದಲ್ಲಿ ಅವನಿಗೆ ತಿಳಿಯಲಿಲ್ಲ. ಎಲ್ಲರ ಜೊತೆ ಕೋವಿ ಇಳಿಸಿದ, ಎಲ್ಲರ ಜೊತೆ ಮದ್ದಿನ ಹೊಸ ಪೊಟ್ಟಣ ಹಲ್ಲಿನಿಂದ ಹರಿದ, ಒಳಗಿದ್ದ ಮದ್ದಿನ ಮೇಲೆ ಇನ್ನೊಂದು ಮದ್ದು ಸುರಿದ. ಇಡೀ ಬಯಲಿನಲ್ಲಿ ಅದನ್ನು ಕಂಡವನು ಲಾರ್ನ್ ಒಬ್ಬನೇ.

ಹಗ್ಗದ ಈಚೆ, ಅವನಿಂದ ನಾಲ್ಕು ಮಾರು ದೂರದಲ್ಲಿ, ಕಿತ್ತಳೆ ಪಟ್ಟಿ ತೊಟ್ಟ ಕಾವಲಿನವಳಿದ್ದಳು. ಅವಳ ಕೊರಳಲ್ಲಿ ಸೀಟಿ. ಒಂದು ಸಲ ಊದಿದರೆ ಎಲ್ಲ ಕೋವಿಗಳೂ ಇಳಿಯುತ್ತವೆ. ಲಾರ್ನ್ ಎರಡೂ ಕೈಯಲ್ಲಿ ಹಗ್ಗ ಹಿಡಿದು ಮುಂದಕ್ಕೆ ಬಾಗಿದ. ಬಾಯಿ ತೆರೆದ. ಅವಳನ್ನು ಕೂಗಲು ಹೊತ್ತಿತ್ತು, ಬೇಕಾದಷ್ಟು ಹೊತ್ತಿತ್ತು. ದನಿ ಹೊರಡಲಿಲ್ಲ. ಹೊರಡಲಿಲ್ಲ ಎನ್ನುವುದು ಸುಳ್ಳು, ಅವನು ಹೊರಡಿಸಲಿಲ್ಲ. ಈಗ ನೋಡಲಿ ಎಂದು ಅವನೊಳಗೆ ಯಾರೋ ಅಂದರು, ಒಂದು ಸಲ ಎಲ್ಲರೂ ನೋಡಲಿ. ಗುರಿ ಎಂದರು. ದಪ್ಪ ಮನುಷ್ಯ ಕೋವಿ ಎತ್ತಿದಾಗ ಅದರ ಕಿವಿ ಕೊರೀನ್‌ಳ ಕೆನ್ನೆಯ ಪಕ್ಕಕ್ಕೆ ಬಂತು. ಅದೂ ಅವನಿಗೆ ಕಂಡಿತು.

ಹಾರಿಸಿ ಎಂದರು. ಒಂದು ಸದ್ದು ಉಳಿದವನ್ನೆಲ್ಲ ಮೀರಿ ಬಡಿಯಿತು. ದಪ್ಪ ಮನುಷ್ಯ ಹಿಂದಕ್ಕೆ ತೂರಾಡಿ, ಹೆಗಲು ಉಜ್ಜಿಕೊಂಡು, ನಕ್ಕ. ಕೋವಿ ಅವನ ಕೈಯಲ್ಲಿ ಇಡಿಯಾಗಿತ್ತು. ನೋಡುಗರು ಚಪ್ಪಾಳೆ ತಟ್ಟಿದರು. ಆಲೂಗಡ್ಡೆ ತಿನ್ನುತ್ತಿದ್ದ ಹೆಂಗಸು, "ಅದು ಚೆನ್ನಾಗಿತ್ತು" ಎಂದಳು. ಕೋವಿ ತಡೆದುಕೊಂಡದ್ದಕ್ಕೆ ಲಾರ್ನ್‌ಗೆ ಮೊದಲು ಬಂದದ್ದು ಸಂತೋಷವಲ್ಲ, ನಿರಾಸೆ. ಆಮೇಲೆ ಆ ನಿರಾಸೆಯ ಮುಖ ಕಂಡು ಹೇಸಿಗೆ ಬಂತು.

ಆಟ ಮುಗಿದ ಮೇಲೆ ಕೊರೀನ್ ಹಗ್ಗದ ಬಳಿಗೆ ಓಡಿಬಂದಳು. ಮುಖವೆಲ್ಲ ಮಸಿ, ಹಲ್ಲು ಬೆಳ್ಳಗೆ.

"ನೀನು ಬಂದಿದ್ದೀಯ ಅಂತ ಮೊದಲನೇ ಸುತ್ತಲ್ಲೇ ಗೊತ್ತಾಯ್ತು ನಂಗೆ. ಹಗ್ಗ ಹಿಡ್ಕೊಂಡು ಬಗ್ಗಿ ನಿಂತಿದ್ಯಲ್ಲ, ಪ್ರತಿ ಸಲ ಹಾರಿಸ್ವಾಗ್ಲೂ ನೋಡ್ತಿದ್ದೆ. ಪಾಪ, ನಮಗೋಸ್ಕರ ಎಷ್ಟ್ ಹೆದರಿದ್ದೀಯ. ಬಿಳಿಚ್ಕೊಂಡಿದ್ದೀಯ ನೋಡು."

ಲಾರ್ನ್ ಹಗ್ಗದಿಂದ ಕೈ ತೆಗೆದ.

"ಒಂದ್ ಮಾತು ಹೇಳ್ಬೇಕು, ಬೈಬೇಡ. ಕ್ವಾರಿಗೆ ಹೋಗಿದ್ವಿ. ಟೈರಿಗೆ ಕಟ್ಟಿ, ಎರಡರಷ್ಟು ಮದ್ದು ಹಾಕಿ, ದಾರ ಎಳೆದು, ನೀನ್ ಹೇಳಿದ್ ಹಾಗೇ. ಆರೂ ತಡೀತು. ಸಭೇಲಿ ನಾನು ಕೈ ಎತ್ತಿದ್ದೇ ಆ ಷರತ್ತಿನ ಮೇಲೆ. ನಿಂಗೆ ಹೇಳ್ಬಾರ್ದು ಅಂದ ಡೆಸ್ಮಂಡ್, ಅವನ ಮಾನ ಹೋಗತ್ತಂತೆ."

"ದಾರ ಎಷ್ಟುದ್ದ ಇತ್ತು?" ಎಂದು ಕೇಳಿದ ಲಾರ್ನ್. ತಪ್ಪು ಹುಡುಕುತ್ತಿದ್ದೇನೆಂದು ಕೇಳಿದ ಮೇಲೆ ಗೊತ್ತಾಯಿತು.

ಅವಳು ನಕ್ಕಳು. "ನೀನ್ ಬದಲಾಗಲ್ಲ ಬಿಡು. ಕೇಳಿಲ್ಲಿ. ಡೆಸ್ಮಂಡ್ ಹತ್ರ ಜಗಳ ಆಡಿ ಒಪ್ಪಿಸಿದೀನಿ. ಮುಂದಿನ ತಿಂಗಳಿಂದ ಹಗ್ಗದ ಹತ್ರ ನಮ್ಮ ಕಡೆಯಿಂದ ಕಾವಲಿಗೆ ನೀನು ನಿಲ್ಬೇಕು. ಸೀಟಿ ನಿನ್ನ ಕೈಲಿ. ನೀನ್ ಊದಿದ್ರೆ ಕ್ಯಾಪ್ಟನ್ನೂ ನಿಲ್ಲಿಸ್ಬೇಕು. ನೀನು ನೋಡ್ತಾ ಇದ್ದೀಯ ಅಂದ್ರೆ ನಂಗೆ ಪಕ್ಕದಲ್ಲಿ ಯಾರ್ ನಿಂತಿದ್ರೂ ಭಯ ಇಲ್ಲ."

ಅವನು ಕಳೆದುಕೊಂಡದ್ದಷ್ಟೂ ಆ ಸೀಟಿಯಲ್ಲಿತ್ತು. ಹಗ್ಗ ಎತ್ತಿ ಒಳಗೆ ಬಂದರೆ ಸಾಕಿತ್ತು. ಅವಳ ಎಡಗೆನ್ನೆಯ ಮೇಲೆ ಮದ್ದಿನ ಸಣ್ಣ ಸುಟ್ಟಗಾಯಗಳು ಎರಡೋ ಮೂರೋ ಕೆಂಪಗೆ ಎದ್ದಿದ್ದವು. ಅವಳಿಗೆ ಇನ್ನೂ ಉರಿ ತಿಳಿದಿರಲಿಲ್ಲ.

"ನನ್ನ ಕೈಲಾಗಲ್ಲ," ಎಂದ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಇನ್ನೂ ಸಿಟ್ಟು ಹೋಗಿಲ್ವಾ ನಿಂಗೆ? ನನ್ನ ಮೇಲೂನಾ?"

"ಹೌದು ಅಂತ ಇಟ್ಕೋ."

ಅವಳ ಮುಖದ ನಗು ಹೋಯಿತು. ಕೋವಿ ಹೆಗಲಿಗೇರಿಸಿ ತನ್ನವರ ಕಡೆ ನಡೆದಳು. ಟೀಪಲ್‌ದು ಕಲ್ಲುಮನಸ್ಸು, ಕ್ಷಮಿಸುವ ಜಾತಿಯವನೇ ಅಲ್ಲ ಎಂದು ಆಮೇಲೆ ತುಕಡಿಯಲ್ಲೆಲ್ಲ ಮಾತಾಯಿತು. ಅದು ಅವನ ಕಿವಿಗೂ ಬಿತ್ತು. ಅವನು ಅದನ್ನು ತಿದ್ದಲು ಹೋಗಲಿಲ್ಲ. ತಿದ್ದಬೇಕಾದರೆ ಕೊರೀನ್‌ಗೆ ನಿಜ ಹೇಳಬೇಕಾಗುತ್ತಿತ್ತು.